ಆಚರಣೆಯ ಬಾಗಿಲು ಯಾರಿಗೆ ತೆರೆದಿದೆ?

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



'ವಿಶ್ವ ಧರ್ಮಗಳಲ್ಲಿ ವಿಧಿ ಆಚರಣೆಗಳ ಪಾತ್ರ' ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ನಾನು ಬಿ.ಇ. ಮಾಡಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು, ಶಾಸ್ತ್ರ ಓದಿದವನಲ್ಲ. ಹಾಗಾಗಿ ನನ್ನ ಕೆಲಸದಿಂದಲೇ ಶುರು ಮಾಡುತ್ತೇನೆ.

ನಿಮ್ಮ ಮೊಬೈಲು ದೂರದ ಇನ್ನೊಂದು ಕಂಪ್ಯೂಟರಿನ ಜೊತೆ ಮಾತಾಡುವ ಮೊದಲು ಸಾಮಾನ್ಯವಾಗಿ ಒಂದು ಸಣ್ಣ ಶಿಷ್ಟಾಚಾರ ನಡೆಯುತ್ತದೆ. 'ಇದ್ದೀಯಾ?' ಎಂದು ಇದು ಕೇಳುತ್ತದೆ. 'ಇದ್ದೇನೆ, ನೀನು?' ಎಂದು ಅದು ಹೇಳುತ್ತದೆ. 'ನಾನೂ ಇದ್ದೇನೆ' ಎಂದು ಇದು ಮುಗಿಸುತ್ತದೆ. ನಾವು ಇದನ್ನು ಹ್ಯಾಂಡ್‌ಶೇಕ್ ಎನ್ನುತ್ತೇವೆ. ಈ ಮೂರು ಮಾತಿನಲ್ಲಿ ನಿಮಗೆ ಬೇಕಾದ ಸುದ್ದಿ ಒಂದೂ ಇರುವುದಿಲ್ಲ. ಆದರೂ ಅದು ನಡೆಯದೆ ಸುದ್ದಿ ಹರಿಯುವುದಿಲ್ಲ. ಆಚರಣೆಗಳೂ ಬಹುಮಟ್ಟಿಗೆ ಹೀಗೆಯೇ ಎಂದು ನನಗೆ ಅನ್ನಿಸುತ್ತದೆ. ನಾನಿದ್ದೇನೆ, ನೀನಿದ್ದೀಯಾ ಎಂದು ಮನುಷ್ಯರು ಪರಸ್ಪರ ಖಚಿತಪಡಿಸಿಕೊಳ್ಳುವ ಬಗೆ ಅವು.

1909ರಲ್ಲಿ ಆರ್ನಾಲ್ಡ್ ವಾನ್ ಜೆನೆಪ್ ಎಂಬ ವಿದ್ವಾಂಸರು ಹುಟ್ಟು, ಪ್ರಾಯ, ಮದುವೆ, ಸಾವುಗಳ ಆಚರಣೆಗಳನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಒಂದು ಪುಸ್ತಕ ಬರೆದರು. ಇಂಥ ಆಚರಣೆಗಳಲ್ಲಿ ಮೂರು ಹಂತ ಇರುತ್ತವೆ ಎಂಬುದು ಅವರ ವಿವರಣೆ: ಹಳೆಯ ಸ್ಥಾನದಿಂದ ಬಿಡುವುದು, ಹೊಸ್ತಿಲಲ್ಲಿ ನಿಲ್ಲುವುದು, ಹೊಸ ಸ್ಥಾನಕ್ಕೆ ಸೇರುವುದು. ನಮ್ಮ ಮದುವೆಗಳನ್ನು ನೆನಪಿಸಿಕೊಳ್ಳಿ. ಹುಡುಗಿ ತವರಿನಿಂದ ಹೊರಡುತ್ತಾಳೆ, ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರನ್ನು ಒದ್ದು ಒಳಗೆ ಬರುತ್ತಾಳೆ. ಕ್ರೈಸ್ತರ ದೀಕ್ಷಾಸ್ನಾನ, ಯಹೂದಿ ಹುಡುಗರಿಗೆ 13ನೇ ವಯಸ್ಸಿನಲ್ಲಿ ನಡೆಯುವ ಬಾರ್ ಮಿಟ್ಜ್ವಾ, ಬೌದ್ಧರ ಪ್ರವ್ರಜ್ಯೆ, ಹಜ್‌ಗೆ ಹೋಗುವ ಗಂಡಸರು ಉಡುವ ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ, ಇವೆಲ್ಲವೂ ಹೊಸ್ತಿಲುಗಳೇ. ಆ ಬಿಳಿ ಬಟ್ಟೆಯಲ್ಲಿ ಅರಸ ಯಾರು, ಆಳು ಯಾರು ಎಂದು ಗುರುತು ಸಿಗುವುದಿಲ್ಲ.

ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯಕ್ಕೆ ನೀವೆಲ್ಲ ಹೋಗಿದ್ದೀರಿ. ಅಲ್ಲಿ ಸಾಲುಸಾಲಾಗಿ ನಾಗರಕಲ್ಲುಗಳಿವೆ. ಮಕ್ಕಳಾಗಲಿಲ್ಲವೆಂದು ನೊಂದ ದಂಪತಿಗಳು ಹರಕೆ ಹೊತ್ತು ಇಟ್ಟ ಕಲ್ಲುಗಳು ಅವುಗಳಲ್ಲಿ ಎಷ್ಟೋ ಇವೆ. ಕಲ್ಲಿನಿಂದ ಮಗು ಆಗುತ್ತದೆಯೇ ಎಂಬ ಪ್ರಶ್ನೆಯನ್ನು ಡಾಕ್ಟರಿಗೆ ಬಿಡೋಣ. ಹೇಳಿಕೊಳ್ಳಲಾಗದ ದುಃಖ ಇರುವವರಿಗೆ ಕೈಗೊಂದು ಕೆಲಸ, ಕಾಲಿಗೊಂದು ದಾರಿ ಅಲ್ಲಿ ಸಿಗುತ್ತದೆ. ತಮ್ಮಂಥವರು ಇನ್ನೂ ನೂರಾರು ಮಂದಿ ಇದ್ದಾರೆಂದು ಆ ಸಾಲೇ ಹೇಳುತ್ತದೆ.

ನನ್ನ ತಂದೆ ತೀರಿಕೊಂಡ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಅಕ್ಕಪಕ್ಕದವರೇ ಅನ್ನ ಸಾರು ತಂದು, ಬಲವಂತ ಮಾಡಿ ತಾಯಿಗೆ ಉಣಿಸಿದರು. ಯಹೂದಿಗಳಲ್ಲೂ ಮಣ್ಣು ಮಾಡಿ ಬಂದ ಮನೆಯವರ ಮೊದಲ ಊಟವನ್ನು ನೆರೆಯವರೇ ತರಬೇಕೆಂಬ ಪದ್ಧತಿ ಇದೆ. ಸಾವಿನ ಮನೆಗೆ ಅಡುಗೆ ಮಾಡಿ ಕಳಿಸುವುದು ಮುಸ್ಲಿಮರಲ್ಲೂ ಇದೆ. ದೇವರ ಹೆಸರು ಬೇರೆ ಬೇರೆ, ತಟ್ಟೆ ಮಾತ್ರ ಒಂದೇ.

ಇಷ್ಟು ಹೇಳಿ ಕುಳಿತರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ತಿಥಿ ಊಟಕ್ಕೆ ಸಾಲ ಮಾಡಿ ಜಮೀನು ಕಳೆದುಕೊಂಡವರು ನಮ್ಮ ಕಡೆಯಲ್ಲೇ ಇದ್ದಾರೆ. ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳೆಯನೊಬ್ಬ ಜಾತ್ರೆಯ ದಿನ ಗುಡಿಯ ಮೆಟ್ಟಿಲ ಆಚೆ ನಿಲ್ಲುತ್ತಿದ್ದ. ಪ್ರಸಾದ ಮೇಲಿನಿಂದ ಅವನ ಕೈಗೆ ಬೀಳುತ್ತಿತ್ತು. ಸೋಮವಾರ ಮತ್ತೆ ಪ್ರಾರ್ಥನೆಯ ಸಾಲಿನಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಾಡಗೀತೆ ಹಾಡುತ್ತಿದ್ದೆವು. ಎರಡೂ ಆಚರಣೆಗಳೇ. ಒಂದು ಅವನನ್ನು ಹೊರಗೆ ನಿಲ್ಲಿಸಿತು, ಇನ್ನೊಂದು ಒಳಗೆ ಕರೆಯಿತು.

ಸುಧಾರಕರು ಈ ವ್ಯತ್ಯಾಸವನ್ನು ಚೆನ್ನಾಗಿ ಅರಿತಿದ್ದರು. 12ನೇ ಶತಮಾನದಲ್ಲಿ ಬಸವಾದಿ ಶರಣರು ಗುಡಿಯ ವಿಧಿಗಳನ್ನು ಪ್ರಶ್ನಿಸಿದರು. ಜೊತೆಗೆ ಯಾವ ಜಾತಿಯವರೂ ಅಂಗೈಯಲ್ಲಿ ಹಿಡಿದು ಪೂಜಿಸಬಹುದಾದ ಇಷ್ಟಲಿಂಗವನ್ನು ಕೊಟ್ಟರು. ಸಿಖ್ಖರು ಲಂಗರ್‌ನಲ್ಲಿ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಆಚರಣೆಗಳ ಹೆಸರಿನ ಅವಮಾನವನ್ನು ಬಾಬಾಸಾಹೇಬ್ ಅಂಬೇಡ್ಕರರಷ್ಟು ಉಂಡವರು ಕಡಿಮೆ. ಅವರೂ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ನಡುವೆ ದೀಕ್ಷೆ ಪಡೆದು, ಅವರಿಗೆ 22 ಪ್ರತಿಜ್ಞೆಗಳನ್ನು ಬೋಧಿಸಿದರು. ಅದೂ ಒಂದು ವಿಧಿಯೇ. ಕುವೆಂಪು ಅವರು ಸರಳ ಮದುವೆಗಾಗಿ 'ಮಂತ್ರ ಮಾಂಗಲ್ಯ' ರೂಪಿಸಿದರು. 1966ರಲ್ಲಿ ಮಗ ತೇಜಸ್ವಿಯವರ ಮದುವೆ ಹಾಗೆಯೇ ನಡೆಯಿತು. ಇವರು ಯಾರೂ ಆಚರಣೆಯೇ ಬೇಡ ಎನ್ನಲಿಲ್ಲ. ಬಾಗಿಲನ್ನು ಅಗಲ ಮಾಡಿದರು.

ಬೆಂಗಳೂರು ಕರಗವನ್ನೇ ನೋಡಿ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಕರಗ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗುತ್ತದೆ. ಯಾರೂ ಭಾಷಣ ಮಾಡದೆ ನೆರೆಹೊರೆ ಉಳಿಸಿಕೊಳ್ಳುವ ಕ್ರಮ ಇದು.

2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಸುತ್ತಲಿನ ಹೊಲಗಳು ಲೇಔಟುಗಳಾಗುತ್ತಿವೆ. ಸಂಕ್ರಾಂತಿಯಲ್ಲಿ ಕಿಚ್ಚು ಹಾಯಿಸಲು ಎಷ್ಟೋ ಮನೆಗಳಲ್ಲಿ ದನಗಳೇ ಇಲ್ಲ. ಹೊಸದಾಗಿ ಬಂದವರ ಹೆಸರು ನಮಗೆ ಗೊತ್ತಿಲ್ಲ, ನಮ್ಮದು ಅವರಿಗೆ ಗೊತ್ತಿಲ್ಲ. ಕೆಲವು ಆಚರಣೆಗಳು ತಾವಾಗಿ ಹೋಗುತ್ತವೆ. ಯಾವುದನ್ನು ಉಳಿಸಬೇಕು ಎಂಬುದಕ್ಕೆ ನನ್ನ ಅಳತೆ ಸರಳ: ಇದು ಯಾರನ್ನು ಒಳಗೆ ಕರೆಯುತ್ತದೆ, ಯಾರನ್ನು ಹೊರಗೆ ನಿಲ್ಲಿಸುತ್ತದೆ, ಇದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ?

ಊರಿನ ಹಿರಿಯರಲ್ಲಿ ಒಂದೇ ವಿನಂತಿ. ಈ ಶಾಲೆಯಲ್ಲಿ ಮಕ್ಕಳು ಬಿಸಿಯೂಟಕ್ಕೆ ಒಂದೇ ಸಾಲಿನಲ್ಲಿ ಕೂರುತ್ತಾರೆ. ಮುಂದಿನ ಜಾತ್ರೆಯ ಅನ್ನಸಂತರ್ಪಣೆಯಲ್ಲೂ ಪಂಕ್ತಿ ಒಂದೇ ಇರಲಿ, ಪ್ರಸಾದ ಎಲ್ಲರಿಗೂ ಕೈಯಿಂದ ಕೈಗೆ ಸಿಗಲಿ. ಹೊಸ ಲೇಔಟಿನವರನ್ನೂ ಕರೆಯೋಣ. ಬಡಿಸುವ ಕೆಲಸಕ್ಕೆ ನಮ್ಮ ಬ್ಯಾಚಿನವರು ಬರುತ್ತೇವೆ. ಇವತ್ತೇ ಹೆಸರು ಬರೆಸಿ ಹೋಗುತ್ತೇವೆ.