ಗರ್ಭಪಾತ: ಕಾನೂನು, ಧರ್ಮ ಮತ್ತು ನಮ್ಮ ಮೌನ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಪಠ್ಯ)





ಆಮಂತ್ರಣ ಪತ್ರದಲ್ಲಿ ಇಂದಿನ ವಿಷಯವನ್ನು ಓದಿ ಕೆಲವರಿಗೆ ಮುಜುಗರವಾಗಿರಬಹುದು. ಹೆಣ್ಣುಮಕ್ಕಳು ಕುಳಿತಿರುವ ಸಭೆಯಲ್ಲಿ ಇದೆಲ್ಲ ಬೇಕೇ ಎಂದು ಹಿರಿಯರು ಕೇಳಬಹುದು. ಬೇಕು ಎಂಬುದು ನನ್ನ ವಿನಮ್ರ ಅಭಿಪ್ರಾಯ. ಏಕೆಂದರೆ ಈ ವಿಷಯದಲ್ಲಿ ನಾವು ಮಾತಾಡದೇ ಇರುವುದರಿಂದಲೇ ಹೆಚ್ಚಿನ ಅನಾಹುತಗಳು ಆಗುತ್ತಿವೆ.

ಎರಡು ಘಟನೆಗಳಿಂದ ಆರಂಭಿಸುತ್ತೇನೆ. ಎರಡಕ್ಕೂ ನಮ್ಮ ಕರ್ನಾಟಕದ ನಂಟಿದೆ.

ಬೆಳಗಾವಿಯಲ್ಲಿ ಬೆಳೆದು, ಅಲ್ಲಿಯೇ ದಂತವೈದ್ಯಕೀಯ ಕಲಿತ ಸವಿತಾ ಹಾಲಪ್ಪನವರ್ ಗಂಡನೊಂದಿಗೆ ಐರ್ಲೆಂಡ್‌ನಲ್ಲಿ ನೆಲೆಸಿದ್ದರು. 2012ರ ಅಕ್ಟೋಬರ್‌ನಲ್ಲಿ, ಹದಿನೇಳು ವಾರಗಳ ಗರ್ಭಿಣಿಯಾಗಿದ್ದಾಗ ಅವರಿಗೆ ಗರ್ಭಸ್ರಾವ ಆರಂಭವಾಯಿತು. ಮಗು ಉಳಿಯುವುದಿಲ್ಲ ಎಂಬುದು ಖಚಿತವಾಗಿತ್ತು. ಗರ್ಭವನ್ನು ತೆಗೆಯಿರಿ ಎಂದು ದಂಪತಿಗಳು ಕೇಳಿಕೊಂಡರು. ಭ್ರೂಣದ ಹೃದಯ ಇನ್ನೂ ಬಡಿಯುತ್ತಿದೆ, ಇಲ್ಲಿನ ಕಾನೂನು ಅದಕ್ಕೆ ಅವಕಾಶ ಕೊಡುವುದಿಲ್ಲ ಎಂಬ ಉತ್ತರ ಬಂತು. ಸೋಂಕು ರಕ್ತಕ್ಕೆ ಸೇರಿ ಅಕ್ಟೋಬರ್ 28ರಂದು ಅವರು ತೀರಿಕೊಂಡರು. ಆಗ ಅವರಿಗೆ 31 ವರ್ಷ. ಆ ಸಾವು ಇಡೀ ಐರ್ಲೆಂಡನ್ನು ಕಲಕಿತು. 2018ರ ಮೇ ತಿಂಗಳಲ್ಲಿ ನಡೆದ ಜನಮತಗಣನೆಯಲ್ಲಿ ಮೂರನೇ ಎರಡರಷ್ಟು ಜನ ಸಂವಿಧಾನದ ಆ ನಿರ್ಬಂಧವನ್ನು ತೆಗೆಯಬೇಕೆಂದು ಮತ ಹಾಕಿದರು.

ಎರಡನೆಯದು 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಜಾಲ. ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ನೋಡಲಾಗುತ್ತಿತ್ತು. ಹೆಣ್ಣಾದರೆ ಗರ್ಭಪಾತ. ಈ ಪ್ರಕರಣದಲ್ಲಿ ವೈದ್ಯರೂ ಬಂಧಿತರಾದರು. ಬೆಲ್ಲ ಬೇಯುವ ಜಾಗದಲ್ಲಿ ಹೆಣ್ಣುಮಕ್ಕಳ ಹಣೆಬರಹ ತೀರ್ಮಾನವಾಗುತ್ತಿತ್ತು!

ಮೊದಲ ಘಟನೆಯಲ್ಲಿ ಬದುಕಬೇಕಾಗಿದ್ದ ತಾಯಿಗೆ ಕಾನೂನು ಬಾಗಿಲು ಮುಚ್ಚಿತು. ಎರಡನೆಯದರಲ್ಲಿ ಕಾನೂನು ಮುಚ್ಚಿದ್ದ ಬಾಗಿಲನ್ನು ಸಮಾಜವೇ ಹಣ ಕೊಟ್ಟು ತೆರೆಸಿತು. ಗರ್ಭಪಾತ ಸರಿಯೋ ತಪ್ಪೋ ಎಂದು ಒಂದೇ ಮಾತಿನಲ್ಲಿ ಕೇಳುವವರು ಈ ಎರಡನ್ನೂ ನೆನಪಿನಲ್ಲಿಡಬೇಕು. ಅಮೆರಿಕದಲ್ಲಿ 1973ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಹಕ್ಕನ್ನು 2022ರಲ್ಲಿ ಅದೇ ಕೋರ್ಟ್ ಹಿಂತೆಗೆದುಕೊಂಡಿತು. ಅಲ್ಲಿ ಇದು ಚುನಾವಣೆಯ ವಿಷಯ. ಅಲ್ಲಿನ ಘೋಷಣೆಗಳನ್ನು ತಂದು ಇಲ್ಲಿ ಕೂಗುವ ಅಗತ್ಯ ನಮಗಿಲ್ಲ. ನಮ್ಮ ಕಾನೂನು ಬೇರೆ, ನಮ್ಮ ಸಮಸ್ಯೆಯೂ ಬೇರೆ.

ನಮ್ಮ ಕಾನೂನು ಏನು ಹೇಳುತ್ತದೆ? ಶಾಂತಿಲಾಲ್ ಶಾ ಸಮಿತಿಯ ವರದಿಯ ನಂತರ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂತು. ಕದ್ದುಮುಚ್ಚಿ ಅರೆಬರೆ ತಿಳಿದವರ ಕೈಯಲ್ಲಿ ಗರ್ಭಪಾತ ಮಾಡಿಸಿಕೊಂಡು ಹೆಂಗಸರು ಸಾಯುವುದನ್ನು ತಡೆಯುವುದು ಅದರ ಉದ್ದೇಶವಾಗಿತ್ತು. 2021ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಈಗ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಇದು ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತ ವಯಸ್ಸಿನವರು, ಗರ್ಭಿಣಿಯಾಗಿರುವಾಗಲೇ ವಿಧವೆಯಾದವರು ಅಥವಾ ತಲಾಖ್ ಆದವರು ಮುಂತಾದ ಕೆಲವರಿಗೆ ಮಾತ್ರ. 24 ವಾರ ದಾಟಿದರೆ, ಭ್ರೂಣದಲ್ಲಿ ಗಂಭೀರ ದೋಷವಿದ್ದಾಗ ವೈದ್ಯಕೀಯ ಮಂಡಳಿ ತೀರ್ಮಾನಿಸಬೇಕು. ತಾಯಿಯ ಜೀವ ತಕ್ಷಣ ಉಳಿಸಬೇಕಾದಾಗ ವಾರಗಳ ಮಿತಿಯೇ ಇಲ್ಲ.

ಇನ್ನೊಂದು ಮಾತನ್ನು ನಮ್ಮಲ್ಲಿ ಬಹಳ ಜನ ತಿಳಿದಿಲ್ಲ. ಪ್ರಾಯಕ್ಕೆ ಬಂದ ಹೆಣ್ಣಿನ ವಿಷಯದಲ್ಲಿ ಕಾನೂನು ಕೇಳುವುದು ಅವಳ ಒಪ್ಪಿಗೆಯನ್ನು ಮಾತ್ರ. ಗಂಡನ ಸಹಿ ಇಲ್ಲ ಎಂದು ಅವಳನ್ನು ವಾಪಸ್ ಕಳಿಸುವಂತಿಲ್ಲ. ಅವಳ ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಅದೇ ರೀತಿ, ಗಂಡನೋ ಅತ್ತೆಯೋ ಬಲವಂತ ಮಾಡಿ ಗರ್ಭ ತೆಗೆಸುವುದು ಅಪರಾಧ. ಹಾಗೆಂದು ಇದು ಕೇಳಿದವರಿಗೆಲ್ಲ ಕೇಳಿದಾಗ ಸಿಗುವ ಹಕ್ಕೂ ಅಲ್ಲ. ಕೊನೆಯ ಮಾತು ವೈದ್ಯರ ಅಭಿಪ್ರಾಯದ್ದು.

ಈಗ ದೀನ್ ಏನು ಹೇಳುತ್ತದೆ ಎಂಬುದಕ್ಕೆ ಬರುತ್ತೇನೆ. ಉಲಮಾಗಳ ಮುಂದೆ ನಾನು ಫತ್ವಾ ಕೊಡುವವನಲ್ಲ, ಓದಿ ತಿಳಿದದ್ದನ್ನು ಹೇಳುತ್ತಿದ್ದೇನೆ. ಜೀವ ಅಲ್ಲಾಹನ ಅಮಾನತ್ತು. ಬಡತನದ ಭಯದಿಂದ ಮಕ್ಕಳನ್ನು ಕೊಲ್ಲಬೇಡಿ ಎಂದು ಪವಿತ್ರ ಕುರ್‌ಆನ್ ಅಲ್‌ಅನ್‌ಆಮ್ ಮತ್ತು ಅಲ್‌ಇಸ್ರಾ ಅಧ್ಯಾಯಗಳಲ್ಲಿ ಎಚ್ಚರಿಸಿದೆ. ಭ್ರೂಣಕ್ಕೆ ಆತ್ಮ ಊದಲ್ಪಡುವ ಬಗ್ಗೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಹದೀಸಿನ ಆಧಾರದಲ್ಲಿ ಹೆಚ್ಚಿನ ವಿದ್ವಾಂಸರು 120 ದಿನಗಳ ಲೆಕ್ಕ ಹೇಳಿದ್ದಾರೆ. ಅದರ ನಂತರ ತಾಯಿಯ ಜೀವಕ್ಕೆ ಅಪಾಯವಿದ್ದ ಹೊರತು ಗರ್ಭಪಾತ ನಿಷಿದ್ಧ. ಅದಕ್ಕೆ ಮೊದಲು ಭಿನ್ನಾಭಿಪ್ರಾಯವಿದೆ. ಸಕಾರಣವಿದ್ದರೆ ಹನಫಿ ವಿದ್ವಾಂಸರಲ್ಲಿ ಹಲವರು ಅನುಮತಿ ನೀಡಿದ್ದಾರೆ. ಮಾಲಿಕಿಗಳಲ್ಲಿ ಹೆಚ್ಚಿನವರು ಆರಂಭದಿಂದಲೇ ಕೂಡದು ಎಂದಿದ್ದಾರೆ. ಶಾಫಿಗಳಲ್ಲಿ ಎರಡೂ ಅಭಿಪ್ರಾಯಗಳಿವೆ. ಇಮಾಮ್ ಗಝಾಲಿಯವರದು ಕಟ್ಟುನಿಟ್ಟಿನ ನಿಲುವು. ನಮ್ಮ ಕರಾವಳಿಯ ಬ್ಯಾರಿಗಳಲ್ಲಿ, ಭಟ್ಕಳದ ನವಾಯತರಲ್ಲಿ ಹೆಚ್ಚಿನವರು ಶಾಫಿಗಳು, ಘಟ್ಟದ ಮೇಲಿನವರು ಹೆಚ್ಚಾಗಿ ಹನಫಿಗಳು. ಆದ್ದರಿಂದ ನೆರೆಮನೆಯವರು ಹೇಳಿದ್ದನ್ನು ಕೇಳಿ ತೀರ್ಮಾನಿಸದೆ ತಮ್ಮ ಮದ್‌ಹಬ್‌ನ ಅರಿತ ಆಲಿಮರನ್ನು ಕೇಳಬೇಕು. 1990ರಲ್ಲಿ ಮಕ್ಕಾದ ಫಿಕ್‌ಹ್ ಅಕಾಡೆಮಿಯು, ಚಿಕಿತ್ಸೆಯೇ ಇಲ್ಲದ ತೀವ್ರ ಅಂಗವೈಕಲ್ಯವನ್ನು ತಜ್ಞ ವೈದ್ಯರ ಸಮಿತಿ ಖಚಿತಪಡಿಸಿದರೆ, ಹೆತ್ತವರು ಬಯಸಿದಲ್ಲಿ, 120 ದಿನಗಳೊಳಗೆ ಗರ್ಭಪಾತ ಮಾಡಿಸಬಹುದು ಎಂದು ತೀರ್ಮಾನಿಸಿತು.

ಇಲ್ಲಿ ವಿದ್ಯಾರ್ಥಿಗಳು ಒಂದು ಲೆಕ್ಕ ಗಮನಿಸಬೇಕು. 120 ದಿನ ಎಂದರೆ ಗರ್ಭ ನಿಂತ ದಿನದಿಂದ ಸುಮಾರು 17 ವಾರ. ಆದರೆ ವೈದ್ಯರು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಂದರೆ ಎರಡು ವಾರ ಸೇರಿಸಬೇಕು, ಸುಮಾರು 19 ವಾರವಾಯಿತು. ಮಗುವಿನ ಅಂಗಾಂಗ ಸರಿಯಿದೆಯೇ ಎಂದು ನೋಡುವ ಸ್ಕ್ಯಾನಿಂಗ್ ಸಾಮಾನ್ಯವಾಗಿ ನಡೆಯುವುದು 18ರಿಂದ 20 ವಾರಗಳಲ್ಲಿ. ಒಂದು ವಾರ ತಡವಾದರೆ ಕಾನೂನಿನ ಬಾಗಿಲು ತೆರೆದಿದ್ದರೂ ಧರ್ಮದ ಬಾಗಿಲು ಮುಚ್ಚಿರುತ್ತದೆ. ದೀನ್‌ದಾರ ದಂಪತಿಗಳಿಗೆ ಇದಕ್ಕಿಂತ ದೊಡ್ಡ ಸಂಕಟ ಇನ್ನೇನಿದೆ? ಮೂರನೇ ತಿಂಗಳಲ್ಲೇ ಮಾಡಿಸುವ ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯಿಂದ ಹಲವು ದೋಷಗಳ ಸುಳಿವು ಮೊದಲೇ ಸಿಗುತ್ತದೆ. ಅದನ್ನು ತಪ್ಪಿಸಬೇಡಿ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ 2023ರ ಅಕ್ಟೋಬರ್‌ನ ಒಂದು ಪ್ರಕರಣ ಸಾಕು. ಎರಡು ಮಕ್ಕಳ ತಾಯಿ, ಬಾಣಂತನದ ನಂತರದ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದವರು. ಎದೆಹಾಲು ಉಣಿಸುತ್ತಿದ್ದುದರಿಂದ ಮುಟ್ಟು ನಿಂತಿದೆ ಎಂದುಕೊಂಡಿದ್ದರು, ಗರ್ಭ ನಿಂತದ್ದು ಗೊತ್ತಾಗಲಿಲ್ಲ. ಸುಪ್ರೀಂ ಕೋರ್ಟ್ ತೀರ್ಪು ಕೊಡುವಾಗ 26 ವಾರ ದಾಟಿತ್ತು. ನ್ಯಾಯಾಲಯ ಅನುಮತಿ ನಿರಾಕರಿಸಿತು. ಆ ತೀರ್ಪಿನ ಸರಿತಪ್ಪುಗಳ ಬಗ್ಗೆ ಇಂದಿಗೂ ವಾದವಿದೆ. ನಾನು ಕೇಳುವುದು ಇಷ್ಟೇ: ಒಬ್ಬ ಆಶಾ ಕಾರ್ಯಕರ್ತೆಯೋ ತಿಳಿದ ಅಕ್ಕನೋ ಮೊದಲೇ ಅವಳ ಹತ್ತಿರ ಕುಳಿತು ಮಾತಾಡಿದ್ದರೆ ಈ ಪ್ರಶ್ನೆ ನ್ಯಾಯಾಲಯದವರೆಗೆ ಹೋಗುತ್ತಿತ್ತೇ?

ನಮ್ಮ ಮೌನದ ಇನ್ನೊಂದು ಮುಖ ಔಷಧ ಅಂಗಡಿಯಲ್ಲಿದೆ. 2015ರಲ್ಲಿ ದೇಶದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವು, ಅವುಗಳಲ್ಲಿ ಸುಮಾರು ನಾಲ್ಕನೇ ಮೂರು ಭಾಗ ಆಸ್ಪತ್ರೆಯ ಹೊರಗೆ ಮಾತ್ರೆ ನುಂಗಿ ಆದವು ಎಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಆ ಮಾತ್ರೆ ವೈದ್ಯರ ನಿಗಾದಲ್ಲಿ, ಮೊದಲ ಒಂಬತ್ತು ವಾರಗಳಲ್ಲಿ ತೆಗೆದುಕೊಳ್ಳಬೇಕಾದದ್ದು. ಗರ್ಭ ನಾಳದಲ್ಲಿ ನಿಂತಿದ್ದರೆ ಆ ಮಾತ್ರೆಯಿಂದ ಪ್ರಯೋಜನವಿಲ್ಲ, ತಾಯಿಯ ಜೀವಕ್ಕೇ ಅಪಾಯ. ಜನ ಏನೆಂದುಕೊಳ್ಳುತ್ತಾರೋ ಎಂಬ ಭಯಕ್ಕೆ ಆಸ್ಪತ್ರೆಯ ಮೆಟ್ಟಿಲು ಹತ್ತದವಳು ಅಂಗಡಿಯ ಮಾತ್ರೆಗೆ ಕೈಚಾಚುತ್ತಾಳೆ.

ಹೆಣ್ಣುಭ್ರೂಣದ ವಿಷಯಕ್ಕೆ ಬಂದರೆ, ಇಲ್ಲಿ ಕಾನೂನಿಗೂ ದೀನ್‌ಗೂ ಯಾವ ಭಿನ್ನಾಭಿಪ್ರಾಯವೂ ಇಲ್ಲ. 1994ರ ಕಾಯ್ದೆಯಂತೆ ಲಿಂಗ ಪತ್ತೆ ಮಾಡುವುದು ಅಪರಾಧ. ಹೂಳಲ್ಪಟ್ಟ ಹೆಣ್ಣುಮಗುವನ್ನು ಅಂತ್ಯದಿನದಂದು ಪ್ರಶ್ನಿಸಲಾಗುವ ಬಗ್ಗೆ ಅತ್ತಕ್ವೀರ್ ಅಧ್ಯಾಯ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ದೇಶದಲ್ಲಿ 927 ಹೆಣ್ಣುಮಕ್ಕಳಿದ್ದರೆ ಮುಸ್ಲಿಮರಲ್ಲಿ 950 ಇದ್ದರು. ಇದನ್ನು ಹೇಳಿ ಹೆಮ್ಮೆಪಡುವವರಿದ್ದಾರೆ. ಆದರೆ 2011ರಲ್ಲಿ ನಮ್ಮಲ್ಲೂ ಆ ಸಂಖ್ಯೆ ಇಳಿದಿದೆ ಎಂಬುದನ್ನು ಅವರು ಹೇಳುವುದಿಲ್ಲ. ವರದಕ್ಷಿಣೆಯನ್ನು ನಾವೇ ಸಾಕಿಕೊಂಡು, ಹೆಣ್ಣು ಹುಟ್ಟಿದಾಗ ಮುಖ ಸಣ್ಣ ಮಾಡಿಕೊಂಡು, ಆಮೇಲೆ ವೇದಿಕೆಯಲ್ಲಿ ಭ್ರೂಣಹತ್ಯೆ ವಿರುದ್ಧ ಭಾಷಣ ಮಾಡಿದರೆ ಏನು ಬಂತು?

ಸಂಘಕ್ಕೆ ನನ್ನದು ಮೂರು ವಿನಂತಿ. ಒಂದು, ನಿಕಾಹ್‌ಗೆ ಮೊದಲು ಯುವಕ ಯುವತಿಯರಿಗೆ ಬೇರೆಬೇರೆಯಾಗಿ ಒಂದು ದಿನದ ತಿಳಿವಳಿಕೆ ಶಿಬಿರ ನಡೆಸಿ. ಒಬ್ಬ ವೈದ್ಯೆ, ಒಬ್ಬ ವಕೀಲರು, ಒಬ್ಬ ಆಲಿಮರು ಇರಲಿ. ಎರಡು, ಜಮಾಅತ್‌ನ ಮಟ್ಟದಲ್ಲಿ ಹೆಂಗಸರು ಸಂಕೋಚವಿಲ್ಲದೆ ಮಾತಾಡಬಹುದಾದ ಇಬ್ಬರು ಹಿರಿಯ ಹೆಂಗಸರನ್ನು ಗೊತ್ತುಮಾಡಿ. ಮೂರು, ವರದಕ್ಷಿಣೆ ಪಡೆದ ಮದುವೆಗೆ ಹೋಗುವುದಿಲ್ಲ ಎಂದು ಪದಾಧಿಕಾರಿಗಳೇ ಮೊದಲು ನಿರ್ಧರಿಸಲಿ.

ವಿದ್ಯಾರ್ಥಿನಿಯರೇ, ನಿಮ್ಮ ಗೆಳತಿಯೊಬ್ಬಳು ಇಂತಹ ಸಂಕಟದಲ್ಲಿ ನಿಮ್ಮ ಬಳಿ ಬಂದರೆ ತೀರ್ಪು ಕೊಡಲು ಹೋಗಬೇಡಿ. ಅವಳನ್ನು ಅಂದೇ ಒಬ್ಬ ಒಳ್ಳೆಯ ವೈದ್ಯೆಯ ಬಳಿಗೆ ಕರೆದುಕೊಂಡು ಹೋಗಿ. ತೀರ್ಪು ಕೊಡುವವನು ಅಲ್ಲಾಹನು. ಜೊತೆಗೆ ಹೋಗುವುದು ನಮ್ಮ ಕೆಲಸ.

ಅರಿವನ್ನೂ ಕರುಣೆಯನ್ನೂ ಅವನು ನಮಗೆಲ್ಲರಿಗೂ ದಯಪಾಲಿಸಲಿ, ಆಮೀನ್.

ಅಸ್ಸಲಾಮು ಅಲೈಕುಮ್.