ಪರರ ನೋವು, ನಮ್ಮ ಮತಪೆಟ್ಟಿಗೆ

(ಲಿಂಗಂಪಲ್ಲಿಯಲ್ಲಿ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಲೋಕಸಭೆಯ ಚುನಾವಣೆ ಸಮೀಪಿಸಿದಾಗಲೆಲ್ಲ ನಮ್ಮ ಸಂಘದ ಕೂಟಗಳಲ್ಲಿ ಪರದೇಶಗಳ ಹೆಸರು ಕೇಳಿಬರುತ್ತದೆ. ಉಕ್ರೇನ್, ಗಾಜಾ, ಬಾಂಗ್ಲಾದೇಶ, ಅಫ್ಘಾನಿಸ್ತಾನ. ದೂರದಿಂದ ಕೇಳಿದವರು ಈ ಕನ್ನಡಿಗರಿಗೆ ಲೋಕದ ಮೇಲೆ ಎಷ್ಟೊಂದು ಕಾಳಜಿ ಎಂದುಕೊಂಡಾರು. ಹತ್ತಿರ ಬಂದು ಎರಡು ನಿಮಿಷ ಕಿವಿಗೊಟ್ಟರೆ, ಅಲ್ಲಿ ಸತ್ತವರಿಗಿಂತ ಇಲ್ಲಿ ಗೆಲ್ಲಬೇಕಾದವರೇ ಮಾತಿನ ತುಂಬ ಇರುವುದು ತಿಳಿಯುತ್ತದೆ. ಈ ರೂಢಿ ಹೊಸದಲ್ಲ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು, ಕಲಬುರ್ಗಿ, ಬೀದರ, ರಾಯಚೂರುಗಳು ಕನ್ನಡ ನಾಡನ್ನು ಸೇರಿದವು. ಮೂರೇ ದಿನಗಳಲ್ಲಿ, ನವೆಂಬರ್ 4ರಂದು, ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟ್ ನಗರವನ್ನು ನುಗ್ಗಿದವು. ಸೂಯೆಜ್ ಮೇಲೆ ದಾಳಿ ಮಾಡಿದ ಬ್ರಿಟನ್, ಫ್ರಾನ್ಸ್‌ಗಳನ್ನು ಕೂಡಲೇ ಖಂಡಿಸಿದ್ದ ನೆಹರೂ ಅವರು ಹಂಗೆರಿಯ ವಿಷಯದಲ್ಲಿ ತಡವರಿಸಿದರು. ಜಯಪ್ರಕಾಶ ನಾರಾಯಣರು ಅದನ್ನು ಬಹಿರಂಗವಾಗಿಯೇ ಆಕ್ಷೇಪಿಸಿದರು. ಮರುವರ್ಷವೇ ಮಹಾಚುನಾವಣೆ.

ನಾನು ಹೆಚ್ಚು ಹೇಳಬೇಕಾದದ್ದು 1980ರ ಜನವರಿಯ ಬಗ್ಗೆ. ಏಕೆಂದರೆ ಆಗ ದೇಶದ ರಾಜಕೀಯ ನಮ್ಮ ಬಾಗಿಲಿಗೇ ಬಂದಿತ್ತು. 1978ರಲ್ಲಿ ಚಿಕ್ಕಮಗಳೂರಿನಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿದ್ದ ಇಂದಿರಾ ಗಾಂಧಿಯವರು ಈ ಸಲ ರಾಯ್‌ಬರೇಲಿಯ ಜೊತೆಗೆ ನಮ್ಮ ಪಕ್ಕದ ಮೇದಕ್ ಕ್ಷೇತ್ರದಲ್ಲಿಯೂ ನಿಂತಿದ್ದರು. ಎದುರಾಳಿ ಜನತಾ ಪಕ್ಷದ ಜೈಪಾಲ್ ರೆಡ್ಡಿ. ಮತದಾನ ಜನವರಿ 3 ಮತ್ತು 6ರಂದು. ಅದಕ್ಕೆ ಒಂದು ವಾರ ಮೊದಲು, ಡಿಸೆಂಬರ್ 27ರ ರಾತ್ರಿ, ಸೋವಿಯತ್ ಪಡೆಗಳು ಕಾಬೂಲಿನ ಅರಮನೆಯನ್ನು ಹಿಡಿದು ಅಧ್ಯಕ್ಷ ಹಫೀಜುಲ್ಲಾ ಅಮೀನರನ್ನು ಕೊಂದಿದ್ದವು.

ಲಿಂಗಂಪಲ್ಲಿ ರೈಲು ನಿಲ್ದಾಣದ ಹೊರಗಿನ ಚಹದಂಗಡಿಯಲ್ಲಿ ಅಂದು ನಡೆದ ಜಗಳ ನನಗೆ ಇನ್ನೂ ನೆನಪಿದೆ. ಹಾಸನದ ಕಡೆಯ ಹಿರಿಯರೊಬ್ಬರು, ಕಟ್ಟಾ ಕಾಂಗ್ರೆಸ್ಸಿಗರು, “ಅಮೆರಿಕಾದವರು ವಿಯಟ್ನಾಮಿನಲ್ಲಿ ಮಾಡಿದ್ದು ಮರೆತುಬಿಟ್ರಾ ಸ್ವಾಮೀ?” ಎಂದರು. ಧಾರವಾಡದ ಲೋಹಿಯಾವಾದಿ ಮಿತ್ರರು, “ಅದನ್ನೂ ಬೈತೀನ್ರೀ, ಇದನ್ನೂ ಬೈತೀನಿ. ನೀವು ಒಂದನ್ನರ ಬೈರಿ ನೋಡೋಣು” ಎಂದರು. ಅಂಗಡಿಯವನು ಲೋಟ ತೊಳೆಯುತ್ತ ನಕ್ಕ. ಆ ಒಂದು ಮಾತಿಗೆ ಹಾಸನದವರು ಉತ್ತರಿಸಲಿಲ್ಲ. ಚರ್ಚೆ ಜೈಪಾಲ್ ರೆಡ್ಡಿಯವರಿಗೆ ಎಷ್ಟು ಮತ ಬಿದ್ದೀತು ಎಂಬಲ್ಲಿಗೆ ಹೊರಳಿತು.

ಇಂದಿರಾ ಅವರು ಮೇದಕ್‌ನಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಅಂತರದಿಂದ ಗೆದ್ದರು. ರಾಯ್‌ಬರೇಲಿಯನ್ನು ಬಿಟ್ಟುಕೊಟ್ಟು ಮೇದಕ್ ಅನ್ನು ಉಳಿಸಿಕೊಂಡರು. ಹೊರಹೋಗುತ್ತಿದ್ದ ಪ್ರಧಾನಿ ಚರಣ್ ಸಿಂಗ್ ಅವರು ಸೇನೆಯನ್ನು ಹಿಂದೆಗೆಯುವಂತೆ ಸೋವಿಯತ್ ರಾಯಭಾರಿಗೆ ಹೇಳಿದ್ದರು. ಆದರೆ ಜನವರಿಯ ಎರಡನೆಯ ವಾರದಲ್ಲಿ ವಿಶ್ವಸಂಸ್ಥೆಯಲ್ಲಿ ನಮ್ಮ ಪ್ರತಿನಿಧಿ ಬ್ರಜೇಶ್ ಮಿಶ್ರಾ ಅವರು ಓದಿದ ಹೇಳಿಕೆಯ ಧಾಟಿಯೇ ಬೇರೆ: ಕಾಬೂಲ್ ಸರ್ಕಾರ ಕರೆದದ್ದರಿಂದ ಸೇನೆ ಹೋಗಿದೆ, ಮಿತ್ರರಾಷ್ಟ್ರದ ಭರವಸೆಯನ್ನು ಸಂಶಯಿಸಲು ಕಾರಣವಿಲ್ಲ. ಕರೆದ ಸರ್ಕಾರದ ಮುಖ್ಯಸ್ಥರೇ ಬಂದವರ ಕೈಯಲ್ಲಿ ಹತರಾಗಿದ್ದರು! ಜನವರಿ 14ರಂದು 104 ರಾಷ್ಟ್ರಗಳು ಸೇನೆ ಹಿಂದೆಗೆಯಬೇಕೆಂದು ಮತ ನೀಡಿದವು, 18 ವಿರೋಧಿಸಿದವು. ತಟಸ್ಥವಾಗುಳಿದವರಲ್ಲಿ ಭಾರತವೂ ಒಂದು.

ಪಾಕಿಸ್ತಾನಕ್ಕೆ ಅಮೆರಿಕದ ಆಯುಧ ಹರಿದುಬರುವ ಭಯ ನಿಜವಾದದ್ದೇ; ಫೆಬ್ರುವರಿಯಲ್ಲಿ ಗ್ರೊಮಿಕೊ ದೆಹಲಿಗೆ ಬಂದಾಗ ನಮ್ಮ ಅಸಮಾಧಾನವನ್ನು ಮುಚ್ಚಿದ ಬಾಗಿಲ ಹಿಂದೆ ತಿಳಿಸಲಾಯಿತೆಂಬುದೂ ನಿಜ. ಆದರೆ ಅದೇ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದೊಡನೆ ಸುಮಾರು 160 ಕೋಟಿ ಡಾಲರಿನ ಶಸ್ತ್ರಾಸ್ತ್ರ ಒಪ್ಪಂದವಾಯಿತು. 1984ರ ಜುಲೈನಲ್ಲಿ ಇಂದಿರಾ ಅವರು ತಮ್ಮ ಕ್ಷೇತ್ರದ ಯೆದ್ದುಮೈಲಾರಂನಲ್ಲಿ ಆಯುಧ ಕಾರ್ಖಾನೆಗೆ ಅಡಿಗಲ್ಲಿಟ್ಟರು. ಅಲ್ಲಿ ತಯಾರಾದ ‘ಶರತ್’ ಯುದ್ಧವಾಹನ ಸೋವಿಯತ್ ಪರವಾನಗಿಯ ಬಿಎಂಪಿ-2. ಅದೇ ಜಾತಿಯ ವಾಹನಗಳನ್ನು ಸೋವಿಯತ್ ಸೇನೆ ಅಫ್ಘನ್ ಹಳ್ಳಿಗಳ ಮೇಲೂ ಓಡಿಸಿತು. ಆ ಕಾರ್ಖಾನೆಯಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. ದುಡಿದವರನ್ನು ನಾನು ದೂರುತ್ತಿಲ್ಲ. ದೆಹಲಿಯ ಮೌನಕ್ಕೆ ನಮ್ಮ ಬೀದಿಯಲ್ಲಿಯೇ ಒಂದು ಸಂಬಳದ ಚೀಟಿ ಇತ್ತು ಎಂಬುದು ನಮಗೆ ತಿಳಿದಿರಬೇಕು, ಅಷ್ಟೆ. 1989ರ ಫೆಬ್ರುವರಿಯಲ್ಲಿ ಕೊನೆಯ ಸೋವಿಯತ್ ಸೈನಿಕ ಹೊರಟಾಗ ಐವತ್ತು ಲಕ್ಷಕ್ಕೂ ಹೆಚ್ಚು ಅಫ್ಘನರು ದೇಶಭ್ರಷ್ಟರಾಗಿದ್ದರು.

ಇದನ್ನು ಕೇಳಿ ಕಾಂಗ್ರೆಸ್ ವಿರೋಧಿ ಮಿತ್ರರು ಬೀಗಬೇಕಾಗಿಲ್ಲ. ಅಂದು ಆ ಹೇಳಿಕೆಯನ್ನು ಓದಿದ ಬ್ರಜೇಶ್ ಮಿಶ್ರಾ ಅವರೇ 1998ರಿಂದ 2004ರವರೆಗೆ ವಾಜಪೇಯಿಯವರ ಭದ್ರತಾ ಸಲಹೆಗಾರರಾಗಿದ್ದರು. 2022ರ ಮಾರ್ಚ್ 2ರಂದು ಉಕ್ರೇನ್ ಮೇಲಿನ ರಷ್ಯಾದ ಆಕ್ರಮಣವನ್ನು 141 ರಾಷ್ಟ್ರಗಳು ಖಂಡಿಸಿದಾಗಲೂ ಭಾರತ ತಟಸ್ಥವಾಯಿತು. ಆಳುವ ಪಕ್ಷ ಮಾತ್ರ ಬೇರೆ.

ಇನ್ನೊಂದು ಮಾತು. ನಾವೇ ‘ಪರದೇಶದ ದೌರ್ಜನ್ಯ’ವಾಗಿದ್ದ ಕಾಲವೂ ಇತ್ತು. ತುರ್ತುಪರಿಸ್ಥಿತಿಯಲ್ಲಿ ನಮ್ಮ ಸೆರೆಮನೆಗಳ ಬಗ್ಗೆ ಹೊರಗಿನವರು ಬರೆದರೆ ಅದು ನಮ್ಮ ಆಂತರಿಕ ವಿಷಯವೆಂದು ಸರ್ಕಾರ ಗದರಿತು. 1975ರಲ್ಲಿ ಬಿಬಿಸಿಯ ಮಾರ್ಕ್ ಟಲಿ ಅವರನ್ನು ದೇಶದಿಂದ ಹೊರಗೆ ಕಳಿಸಿತು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರ ಮನದಲ್ಲಿ ನಿಂತ ಸ್ನೇಹಲತಾ ರೆಡ್ಡಿಯವರು ತೆಲುಗರ ಮನೆಯ ಹೆಣ್ಣುಮಗಳು. ಆಸ್ತಮಾದಿಂದ ನರಳುತ್ತಿದ್ದ ಅವರನ್ನು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ತಿಂಗಳುಗಟ್ಟಲೆ ಇಟ್ಟರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಕೊಂಡರು. ಎರಡು ತಿಂಗಳಲ್ಲಿ ಚುನಾವಣೆ ನಡೆದಾಗ ಆಂಧ್ರ 42ರಲ್ಲಿ 41 ಸ್ಥಾನಗಳನ್ನೂ ಕರ್ನಾಟಕ 28ರಲ್ಲಿ 26ನ್ನೂ ಕಾಂಗ್ರೆಸ್ಸಿಗೆ ಕೊಟ್ಟವು. ಮತ ಹಾಕಿದವರೆಲ್ಲ ಕಟುಕರೆಂದಲ್ಲ. ಎಲ್ಲರಿಗೂ ಹೊಟ್ಟೆಪಾಡಿದೆ, ಸ್ಥಳೀಯ ಲೆಕ್ಕಗಳಿವೆ. ಆದರೆ ಆ ಹೆಸರನ್ನು ದೂರದ ಲಂಡನ್ನಿನಲ್ಲಿ ಯಾರಾದರೂ ಉಚ್ಚರಿಸಿದ್ದರೆ ನಾವು ಅವರನ್ನು ಏನೆಂದು ಕರೆಯುತ್ತಿದ್ದೆವು?

2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನರ ವಶವಾದಾಗ ಈ ಊರಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಅಫ್ಘನ್ ವಿದ್ಯಾರ್ಥಿಗಳಿದ್ದರು. ಮರಳಲು ದಾರಿಯಿಲ್ಲ, ಮನೆಯವರ ಸುದ್ದಿಯಿಲ್ಲ. ಆ ವಾರ ನಮ್ಮ ಕೂಟದಲ್ಲಿ ಬೈಡನ್ ಅವರನ್ನೂ ಇಮ್ರಾನ್ ಖಾನ್ ಅವರನ್ನೂ ಕುರಿತು ಬಹಳ ಚರ್ಚೆಯಾಯಿತು. ಆ ಮಕ್ಕಳಲ್ಲಿ ಒಬ್ಬರನ್ನಾದರೂ ಊಟಕ್ಕೆ ಕರೆಯೋಣವೆಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಆದ್ದರಿಂದ ಸಂಘಕ್ಕೆ ನನ್ನದೊಂದು ಸೂಚನೆ. ಮುಂದಿನ ಚುನಾವಣೆಗೆ ಮುನ್ನ ಒಂದು ಸಂಜೆ ಸಭೆ ಸೇರೋಣ. ಪ್ರತಿಯೊಬ್ಬರೂ ತಾವು ಮೆಚ್ಚುವ ಪಕ್ಷಕ್ಕೆ ಆಪ್ತವಾದ ಒಂದು ಪರದೇಶದ ಸರ್ಕಾರ ಮಾಡಿದ ಅನ್ಯಾಯದ ಬಗ್ಗೆ ಹತ್ತು ನಿಮಿಷ ಮಾತಾಡಲಿ. ಎದುರಾಳಿಗಳ ಮಿತ್ರರ ಸುದ್ದಿ ಅಂದು ಬೇಡ. ಮೊದಲ ಸರದಿ ನನಗಿರಲಿ. ಯೆದ್ದುಮೈಲಾರಂ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಸದಸ್ಯರೊಬ್ಬರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ಅವರು ಒಪ್ಪಿದರೆ ಎರಡನೆಯದು ಅವರದು.