ಮಕ್ಕಳ ಬಾಯಿಗೆ ಗುಟಕಾ ಬ್ಯಾಡ

ಅಕ್ಕ-ತಂಗಿಯರೇ,

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಗುಟಕಾ ಗೊತ್ತಿಲ್ಲದ ಊರು ಯಾವುದು ಐತಿ ಹೇಳ್ರಿ? 2013ರಲ್ಲಿ ಸರಕಾರ ಗುಟಕಾ ನಿಷೇಧ ಮಾಡಿತು. ಆಮೇಲೆ ಪಾನ್ ಮಸಾಲ ಬೇರೆ, ತಂಬಾಕು ಬೇರೆ ಪಾಕೀಟಿನಲ್ಲಿ ಬಂದವು. ಎರಡೂ ಕೂಡಿಸಿದರೆ ಮತ್ತೆ ಗುಟಕಾನೇ.

ಹುಡುಗರು ಇದನ್ನು ಎಲ್ಲಿ ಕಲಿಯುತ್ತಾರೆ? ಗೆಳೆಯರ ಸಂಗಡ ಕಲಿಯುತ್ತಾರೆ. ಮನೆಯಲ್ಲೂ ಕಲಿಯುತ್ತಾರೆ. "ತಂಬಾಕು ತಗೊಂಡು ಬಾ" ಅಂತ ಹಿರಿಯರೇ ಅಂಗಡಿಗೆ ಕಳಿಸುತ್ತಾರೆ. ಹೆಣ್ಣುಮಕ್ಕಳು ಹಲ್ಲಿಗೆ ತಿಕ್ಕುವ ಮಿಶ್ರಿಯೂ ತಂಬಾಕೇ. ತಂಬಾಕಿನಲ್ಲಿ ನಿಕೋಟಿನ್ ಎಂಬ ವಿಷ ಇದೆ. ಚಟ ಹಿಡಿಸುವುದು ಅದೇ.

ಮಗನ ಬಾಯಿ ನೋಡ್ರಿ. ಅವನ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಬಾಯಿಯಲ್ಲಿ ಹಿಡಿಯಬೇಕು. ಹಿಡಿಯದಿದ್ದರೆ, ಖಾರ ತಿಂದಾಗ ಬಾಯಿ ಬಹಳ ಉರಿದರೆ, ದವಾಖಾನೆಗೆ ಕರಕೊಂಡು ಹೋಗ್ರಿ. ತಡ ಮಾಡಿದರೆ ಕ್ಯಾನ್ಸರ್ ಆಗಬಹುದು.

ಹೊಡೆಯಬೇಡಿರಿ. ಕೂಡಿಸಿಕೊಂಡು ಮಾತಾಡಿರಿ. ಚಟ ಬಿಡಲು 1800-11-2356ಕ್ಕೆ ಫೋನ್ ಮಾಡಿಸಿರಿ. ಅದಕ್ಕೆ ರೊಕ್ಕ ಹತ್ತುವುದಿಲ್ಲ.

ಕರ್ನಾಟಕದಲ್ಲಿ 2025ರಿಂದ 21 ವರ್ಷ ತುಂಬದವರಿಗೆ ತಂಬಾಕು ಮಾರುವುದು ಅಪರಾಧ. ಇದನ್ನು ಅಂಗಡಿಯವರಿಗೆ ಹೇಳೋಣ. ಒಬ್ಬರು ಹೇಳಿದರೆ ಕೇಳಲಿಕ್ಕಿಲ್ಲ. ಹತ್ತು ಮಂದಿ ಕೂಡಿ ಹೋಗೋಣ. ತಂಬಾಕು ತರಲು ಮಕ್ಕಳನ್ನು ಕಳಿಸುವುದನ್ನಂತೂ ಇವತ್ತೇ ಬಿಡೋಣ.